ಅಪ್‌ಡೇಟ್ ಆದಮೇಲೆ ವೈಫೈ ಕೈಕೊಟ್ಟರೆ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮ ಮನಿ ಕಲಬುರಗಿ ಸೇಡಂ ರೋಡಿನ ಕಡಿ ಅದ. ಫೈಬರ್ ಕನೆಕ್ಷನ್. ಕಂಪನಿಯವರು ಕೊಟ್ಟ ಡಬ್ಬಿ ಒಂದು, ಅದಕ್ಕ ಜೋಡಿಸಿದ ನಮ್ಮ ಸ್ವಂತ ಡ್ಯುಯಲ್ ಬ್ಯಾಂಡ್ ರೌಟರ್ ಒಂದು. ಮೊಬೈಲ್ ಆ್ಯಪ್‌ನ್ಯಾಗ ಹೊಸ ಫರ್ಮ್‌ವೇರ್ ಬಂದದ ಅಂತ ತೋರಿಸ್ತು, ಒತ್ತಿದೆವು. ಅವತ್ತಿಂದ 5 ಗಿಗಾಹರ್ಟ್ಸ್ ಹೆಸರೇ ಕಾಣವಲ್ದು. ಹಳೇ ಟಿವಿ, ಪ್ರಿಂಟರ್ ಎರಡೂ ಸೇರವಲ್ವು. ಲ್ಯಾಪ್‌ಟಾಪ್ ಸೇರ್ತದ ಖರೆ, ಆದ್ರ ಕೆಲವು ಸೈಟ್ ತೆರಿತಾವ, ಕೆಲವು ಬರೇ ತಿರುಗ್ತಾವ. ಹಳೇ ಫರ್ಮ್‌ವೇರ್ ಹಾಕಬೇಕೇನ್ರಿ? ರೀಸೆಟ್ ಒತ್ತಿದ್ರ ಎಲ್ಲಾ ಹೋಗ್ತದೇನು?

ಉತ್ತರ: ಹಳೆ ಫರ್ಮ್‌ವೇರ್ (ರೌಟರನ್ನು ನಡೆಸುವ ಒಳಗಿನ ತಂತ್ರಾಂಶ) ಹಾಕುವ ಮಾತು ಕಡೆಗಿರಲಿ. ಲ್ಯಾಪ್‌ಟಾಪ್ ಸೇರುತ್ತಿದೆ, ಕೆಲವು ಸೈಟ್ ತೆರೆಯುತ್ತಿವೆ ಎಂದರೆ ಹೊಸ ಫರ್ಮ್‌ವೇರ್ ಸರಿಯಾಗಿಯೇ ಕೂತಿದೆ. ಕೆಟ್ಟಿರುವುದು ಬಹುತೇಕ ಸೆಟ್ಟಿಂಗ್.

ರೌಟರ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಫರ್ಮ್‌ವೇರ್‌ಗೆ ಒಂದು ಜಾಗ, ನೀವು ತುಂಬಿದ ಹೆಸರು, ಪಾಸ್‌ವರ್ಡ್, ಚಾನಲ್ ಇತ್ಯಾದಿಗೆ ಇನ್ನೊಂದು ಜಾಗ ಇರುತ್ತದೆ. ಅಪ್‌ಡೇಟ್ ಮೊದಲನೆಯದನ್ನು ಅಳಿಸಿ ಬರೆಯುತ್ತದೆ, ಎರಡನೆಯದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸ ಆವೃತ್ತಿಯಲ್ಲಿ ಯಾವುದಾದರೂ ಸೆಟ್ಟಿಂಗ್‌ನ ರೂಪ ಬದಲಾಗಿದ್ದರೆ ನೀವು ತುಂಬಿದ್ದ ಹಳೆಯದು ಅಲ್ಲಿ ಹೊಂದುವುದಿಲ್ಲ. ಹೊಸ ಬೀಗಕ್ಕೆ ಹಳೆ ಕೀಲಿ ಹಾಕಿದ ಹಾಗೆ. ಅದರ ಜೊತೆಗೆ ಹೊಸ ಆವೃತ್ತಿ ತನ್ನದೇ ಕೆಲವು ಆಯ್ಕೆಗಳನ್ನು ತಾನೇ ಆನ್ ಮಾಡಿರಬಹುದು: ಡಬ್ಲ್ಯೂಪಿಎ3 (ವೈಫೈ ಭದ್ರತೆಯ ಹೊಸ ಬಗೆ), ಐಪಿವಿ6 (ಇಂಟರ್ನೆಟ್ ವಿಳಾಸಗಳ ಹೊಸ ಬಗೆ), 2.4 ಮತ್ತು 5 ಗಿಗಾಹರ್ಟ್ಸ್ ಎರಡು ಬ್ಯಾಂಡ್‌ಗೂ ಒಂದೇ ಹೆಸರು. ನಿಮ್ಮ ಮೂರು ತೊಂದರೆಗಳಿಗೂ ಮೂಲ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ಏನನ್ನೂ ಬದಲಿಸುವ ಮೊದಲು ಎರಡೂ ಪೆಟ್ಟಿಗೆಗಳನ್ನು ಕ್ರಮವಾಗಿ ಆರಿಸಿ ಹಚ್ಚಿ. ಕಂಪನಿಯ ಡಬ್ಬಿಗೆ ಒಎನ್‌ಟಿ ಅನ್ನುತ್ತಾರೆ. ಫೈಬರ್ ಎಳೆ ಬಂದು ಸೇರುವುದು ಅದಕ್ಕೆ. ಎರಡನ್ನೂ ಆರಿಸಿ ಎರಡು ನಿಮಿಷ ಬಿಡಿ. ಮೊದಲು ಒಎನ್‌ಟಿ ಹಚ್ಚಿ, ಅದರ ಪಾನ್ (PON) ದೀಪ ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯುವವರೆಗೆ ಕಾಯಿರಿ. ಆಮೇಲೆ ರೌಟರ್. ಒಎನ್‌ಟಿಯಲ್ಲಿ ಲಾಸ್ (LOS) ಎಂದು ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ: ಎಳೆ ಎಲ್ಲೋ ಕತ್ತರಿಸಿದೆ, ಮಡಚಿದೆ, ಇಲ್ಲವೇ ತುದಿಯ ಕನೆಕ್ಟರ್ ಸಡಿಲಾಗಿದೆ. ಅದಕ್ಕೂ ನಿಮ್ಮ ಅಪ್‌ಡೇಟ್‌ಗೂ ಸಂಬಂಧವಿಲ್ಲ, ಲೈನ್‌ಮನ್ ಬರಲೇಬೇಕು.

ಮುಂದಿನ ಪರೀಕ್ಷೆಗಳನ್ನೆಲ್ಲ ಲ್ಯಾನ್ ಕೇಬಲ್‌ನಿಂದ ಮಾಡಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ರೌಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ. ಕೇಬಲ್‌ನಲ್ಲೂ ಸೈಟ್‌ಗಳು ತಿರುಗುತ್ತಲೇ ಇದ್ದರೆ ತೊಂದರೆ ಇಂಟರ್ನೆಟ್ ಬರುವ ಕಡೆ ಇದೆ. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ಕೆಟ್ಟರೆ ರೇಡಿಯೋ ಕಡೆ ಇದೆ. ಇದನ್ನು ಬೇರೆ ಮಾಡದೆ ಸೆಟ್ಟಿಂಗ್ ಮುಟ್ಟಿದರೆ ಯಾವುದು ಯಾವುದನ್ನು ಸರಿಮಾಡಿತು ಎಂಬುದೇ ತಿಳಿಯುವುದಿಲ್ಲ.

5 ಗಿಗಾಹರ್ಟ್ಸ್ ಹೆಸರು ಕಾಣೆಯಾದದ್ದು ಅಷ್ಟು ದೊಡ್ಡ ವಿಷಯವಲ್ಲ. ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಹಾಕಿ ರೌಟರ್ ಒಳಗೆ ಹೋಗಿ. ಸರಿಯಾದ ವಿಳಾಸ ಪೆಟ್ಟಿಗೆಯ ತಳದ ಚೀಟಿಯಲ್ಲಿದೆ. ವೈರ್‌ಲೆಸ್ ಪುಟದಲ್ಲಿ ಸ್ಮಾರ್ಟ್ ಕನೆಕ್ಟ್ ಎಂಬ ಆಯ್ಕೆ ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಎರಡೂ ಬ್ಯಾಂಡ್ ಒಂದೇ ಹೆಸರಿನಲ್ಲಿ ಬರುತ್ತವೆ. 5 ಗಿಗಾಹರ್ಟ್ಸ್ ಹೋಗಿಲ್ಲ, ಅದರ ಪ್ರತ್ಯೇಕ ಹೆಸರು ಮಾತ್ರ ಹೋಗಿದೆ. ಆಫ್ ಮಾಡಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಹಳೆ ಉಪಕರಣ ಇರುವ ಮನೆಯಲ್ಲಿ ಎರಡು ಹೆಸರು ಇಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಅದು ಆಫ್ ಇದ್ದೂ ಹೆಸರು ಕಾಣದಿದ್ದರೆ ಚಾನಲ್ ನೋಡಿ. 52ರಿಂದ 64, 100ರಿಂದ 144ರವರೆಗಿನ ಚಾನಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ಪ್ರಸಾರ ಶುರುಮಾಡುವ ಮೊದಲು ರೌಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳಬೇಕು. ರೇಡಾರ್‌ನಂಥ ಸದ್ದು ಕೇಳಿದರೆ ಜಾಗ ಖಾಲಿಮಾಡಬೇಕು, ಅರ್ಧ ಗಂಟೆ ಆ ಚಾನಲ್‌ಗೆ ಮರಳುವಂತಿಲ್ಲ. ಹೊಸ ಫರ್ಮ್‌ವೇರ್ ಚಾನಲ್ ಆಯ್ಕೆಯನ್ನು ‘ಆಟೋ’ಗೆ ತಿರುಗಿಸಿ ಇಂಥ ಚಾನಲ್ ಹಿಡಿದಿದ್ದರೆ ಹೆಸರು ಬಂದು ಬಂದು ಮಾಯವಾಗುತ್ತದೆ. ಚಾನಲ್‌ನ ಅಗಲ 160 ಮೆಗಾಹರ್ಟ್ಸ್ ಇಟ್ಟಾಗಲೂ ಹೀಗೆಯೇ, ಏಕೆಂದರೆ ಅದಕ್ಕೆ 36ರಿಂದ 64ರಂಥ ಉದ್ದ ಪಟ್ಟಿ ಬೇಕು, ಅದರಲ್ಲಿ ರೇಡಾರ್ ಚಾನಲ್‌ಗಳೂ ಸೇರುತ್ತವೆ. ದೇಶದ ಆಯ್ಕೆಯಲ್ಲಿ ಭಾರತ ಇದೆಯೇ ನೋಡಿಕೊಂಡು, ಚಾನಲ್ 36, 40, 44, 48ರಲ್ಲಿ ಒಂದು, ಅಗಲ 80 ಮೆಗಾಹರ್ಟ್ಸ್ ಇಡಿ. ಅಲ್ಲಿ ಗದ್ದಲ ಹೆಚ್ಚಿದ್ದರೆ 149ರಿಂದ 161. ನಮ್ಮಲ್ಲಿ 2018ರ ಅಕ್ಟೋಬರ್‌ನ ಅಧಿಸೂಚನೆಯಿಂದ ಇವೆಲ್ಲ ಪರವಾನಗಿ ಇಲ್ಲದೆ ಬಳಸಲು ಮುಕ್ತವಾಗಿವೆ, ಆದರೆ ಅದಕ್ಕಿಂತ ಹಿಂದಿನ ಕೆಲವು ಫೋನ್‌ಗಳು 149ರಿಂದ ಮೇಲಿನ ಚಾನಲ್‌ಗಳನ್ನು ಹುಡುಕುವುದೇ ಇಲ್ಲ. ಒಂದೇ ಫೋನ್‌ನಲ್ಲಿ ಕಾಣದೆ ಉಳಿದವುಗಳಲ್ಲಿ ಕಂಡರೆ ಕಾರಣ ಇದೇ ಇರಬಹುದು.

ಇನ್ನೊಂದು ಮಾತು. ನಮ್ಮ ಕಡೆಯ ಹಳೆ ಮನೆಗಳ ಗೋಡೆ ಕಲ್ಲಿನವು, ದಪ್ಪ. 5 ಗಿಗಾಹರ್ಟ್ಸ್ ಅಂಥ ಗೋಡೆ ಒಂದನ್ನು ದಾಟುವುದೇ ಕಷ್ಟ, ಎರಡನ್ನು ದಾಟುವುದು ಇನ್ನೂ ಅಪರೂಪ. ಆದ್ದರಿಂದ ಹೆಸರು ಕಾಣುತ್ತದೆಯೇ ಎಂಬ ಪರೀಕ್ಷೆಯನ್ನು ರೌಟರ್ ಇರುವ ಕೋಣೆಯಲ್ಲೇ ನಿಂತು ಮಾಡಿ, ಅಡುಗೆಮನೆಯಲ್ಲಿ ಅಲ್ಲ.

ಟಿವಿ, ಪ್ರಿಂಟರ್ ವಿಷಯಕ್ಕೆ ಬರೋಣ. ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಅದಕ್ಕೂ ಹಿಂದಿನ ಟಿವಿ, ಪ್ರಿಂಟರ್, ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳಿಗೆ ಆ ಭಾಷೆ ಬರುವುದಿಲ್ಲ. ‘ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3’ ಎಂಬ ಮಿಶ್ರ ಆಯ್ಕೆ ಇಟ್ಟರೂ ಕೆಲವು ಹಳೆ ಉಪಕರಣಗಳು ಗಲಿಬಿಲಿಗೊಂಡು ‘ಪಾಸ್‌ವರ್ಡ್ ತಪ್ಪು’ ಎನ್ನುತ್ತವೆ, ಪಾಸ್‌ವರ್ಡ್ ಸರಿಯಿದ್ದರೂ. ಆ ಸಂದೇಶ ನಂಬಿ ಪಾಸ್‌ವರ್ಡ್ ಬದಲಿಸುತ್ತ ಕೂರಬೇಡಿ. 2.4 ಗಿಗಾಹರ್ಟ್ಸ್ ಪುಟದಲ್ಲಿ ಭದ್ರತೆಯನ್ನು ಡಬ್ಲ್ಯೂಪಿಎ2 ಪರ್ಸನಲ್, ಎನ್‌ಕ್ರಿಪ್ಷನ್ ಎಇಎಸ್ ಮಾಡಿ. ಟಿಕೆಐಪಿ ಎಂಬ ಹಳೆ ಎನ್‌ಕ್ರಿಪ್ಷನ್ ಬೇಡ, ಅದು ದುರ್ಬಲವೂ ಹೌದು, ವೇಗವನ್ನು 54 ಎಂಬಿಪಿಎಸ್‌ಗೆ ಇಳಿಸುತ್ತದೆ. ಪಿಎಂಎಫ್ ಎಂಬ ಆಯ್ಕೆ ‘ಕಡ್ಡಾಯ’ ಎಂದಿದ್ದರೆ ‘ಐಚ್ಛಿಕ’ ಮಾಡಿ, ಆಗಲೂ ಸೇರದಿದ್ದರೆ ಆಫ್ ಮಾಡಿ. ಮೋಡ್ ‘ಬಿ, ಜಿ, ಎನ್ ಮಿಶ್ರ’ ಇರಲಿ. ವೈಫೈ 6 ರೌಟರ್ ಆದರೆ ‘ಎಎಕ್ಸ್ ಮಾತ್ರ’ ಎಂದು ಇರಬಾರದು. ಅಗಲ 20 ಮೆಗಾಹರ್ಟ್ಸ್, ಚಾನಲ್ 1, 6 ಅಥವಾ 11. ಪರಸ್ಪರ ಮೈಮೇಲೆ ಬೀಳದ ಚಾನಲ್‌ಗಳು 2.4ರಲ್ಲಿ ಈ ಮೂರೇ. ಹೊಸ ಫೋನ್‌ಗಳಿಗಾಗಿ 5 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯೂಪಿಎ3 ಹಾಗೇ ಇಟ್ಟುಕೊಳ್ಳಬಹುದು.

ಇಷ್ಟಾದ ಮೇಲೆ ಟಿವಿಯಲ್ಲಿ ಹಳೆ ನೆಟ್‌ವರ್ಕನ್ನು ಅಳಿಸಿ ಹೊಸದಾಗಿ ಸೇರಿಸಿ. ಪ್ರಿಂಟರ್ ಮಾತ್ರ ಇನ್ನೊಂದು ಕಾರಣಕ್ಕೂ ಕೈಕೊಡುತ್ತದೆ. ಅದಕ್ಕೆ ಯಾರಾದರೂ 192.168.1.50 ಎಂಬಂಥ ಕಾಯಂ ವಿಳಾಸ ಕೊಟ್ಟಿದ್ದು, ಅಪ್‌ಡೇಟ್ ನಂತರ ರೌಟರ್‌ನ ವಿಳಾಸ 192.168.0.1 ಆಗಿದ್ದರೆ ವೈಫೈ ಸೇರಿದರೂ ಲ್ಯಾಪ್‌ಟಾಪ್‌ಗೆ ಅದು ಸಿಗುವುದಿಲ್ಲ. ಪ್ರಿಂಟರ್‌ನಲ್ಲಿ ವಿಳಾಸವನ್ನು ‘ಆಟೋ’ ಮಾಡಿ, ಕಾಯಂ ವಿಳಾಸ ಬೇಕಾದರೆ ರೌಟರ್‌ನ ಡಿಎಚ್‌ಸಿಪಿ (ಉಪಕರಣಗಳಿಗೆ ವಿಳಾಸ ಹಂಚುವ) ಪುಟದ ರಿಸರ್ವೇಷನ್‌ನಲ್ಲಿ ಕೊಡಿ. ಅಂಗಡಿಗಳಲ್ಲಿ ಸಿಸಿಟಿವಿ ಡಿವಿಆರ್ ಅಪ್‌ಡೇಟ್ ನಂತರ ಮೊಬೈಲ್‌ನಲ್ಲಿ ಕಾಣದಿರುವುದಕ್ಕೂ ಹಲವು ಸಲ ಇದೇ ಕಾರಣ.

ಈಗ ಕಷ್ಟದ ಭಾಗ: ಕೆಲವು ಸೈಟ್ ತೆರೆಯುತ್ತವೆ, ಕೆಲವು ತಿರುಗುತ್ತವೆ. ಸಂಪೂರ್ಣ ನಿಂತಿದ್ದರೆ ಪತ್ತೆ ಸುಲಭ. ಅರ್ಧ ನಡೆಯುವುದು ದಾರಿ ತಪ್ಪಿಸುತ್ತದೆ. ಮೂರು ಕಾರಣಗಳನ್ನು ಈ ಕ್ರಮದಲ್ಲಿ ನೋಡಿ.

ಮೊದಲು ಐಪಿವಿ6. ಹೊಸ ಫರ್ಮ್‌ವೇರ್ ಅದನ್ನು ಆನ್ ಮಾಡಿದ್ದು, ಕಂಪನಿಯ ಕಡೆಯಿಂದ ಅದು ಪೂರ್ತಿ ಬರದಿದ್ದರೆ ಲ್ಯಾಪ್‌ಟಾಪ್‌ಗೆ ಐಪಿವಿ6 ವಿಳಾಸ ಸಿಗುತ್ತದೆ, ದಾರಿ ಸಿಗುವುದಿಲ್ಲ. ಐಪಿವಿ6 ಇರುವ ದೊಡ್ಡ ಸೈಟ್‌ಗಳು ತಡವರಿಸುತ್ತವೆ, ಇಲ್ಲದ ಸಣ್ಣ ಸೈಟ್‌ಗಳು ಥಟ್ಟನೆ ತೆರೆಯುತ್ತವೆ. ರೌಟರ್‌ನಲ್ಲಿ ಐಪಿವಿ6 ಆಫ್ ಮಾಡಿ, ಲ್ಯಾಪ್‌ಟಾಪ್ ಮರುಚಾಲೂ ಮಾಡಿ ನೋಡಿ. ಸರಿಹೋದರೆ ಸದ್ಯಕ್ಕೆ ಹಾಗೇ ಬಿಡಿ.

ಎರಡನೆಯದು ಡಿಎನ್‌ಎಸ್. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್, ಸ್ಪೇಸ್, 8.8.8.8 ಹೊಡೆಯಿರಿ. ಉತ್ತರ ಬಂದು, ಆ ಅಂಕಿಯ ಬದಲು ಸೈಟಿನ ಹೆಸರು ಹೊಡೆದಾಗ ಹೆಸರೇ ಸಿಗಲಿಲ್ಲ ಎಂದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿದೆ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಮೊದಲ ಡಿಎನ್‌ಎಸ್ 8.8.8.8, ಎರಡನೆಯದು 1.1.1.1 ಕೊಡಿ.

ಮೂರನೆಯದು ಎಂಟಿಯು, ಅಂದರೆ ಒಂದು ಸಲಕ್ಕೆ ಹೋಗಬಲ್ಲ ಮಾಹಿತಿಯ ಕಟ್ಟಿನ (ಪ್ಯಾಕೆಟ್‌ನ) ಗರಿಷ್ಠ ಗಾತ್ರ. ಜನ ನೋಡದೆ ಬಿಡುವುದು ಇದನ್ನೇ. ಸಾಮಾನ್ಯ ಪ್ಯಾಕೆಟ್ 1500 ಬೈಟ್. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಂಪನಿಗೆ ಸೇರುವ ಬಗೆ) ಲಾಗಿನ್ ಇರುವ ಕನೆಕ್ಷನ್‌ನಲ್ಲಿ 8 ಬೈಟ್ ಅದರ ಲಕೋಟೆಗೇ ಹೋಗುತ್ತದೆ, ಉಳಿಯುವುದು 1492. ಅಪ್‌ಡೇಟ್ ಈ ಸಂಖ್ಯೆಯನ್ನು 1500ಕ್ಕೆ ತಿರುಗಿಸಿದರೆ ಸಣ್ಣ ಪ್ಯಾಕೆಟ್ ದಾಟುತ್ತವೆ, ತುಂಬಿದ ಪ್ಯಾಕೆಟ್ ಬಾಗಿಲಲ್ಲೇ ಬೀಳುತ್ತವೆ. ಹಾಗಾಗಿ ಚಾಟ್ ಸಂದೇಶ ಹೋಗುತ್ತದೆ, ಬ್ಯಾಂಕ್ ಸೈಟಿನ ಲಾಗಿನ್ ಪುಟ ತಿರುಗುತ್ತಲೇ ಇರುತ್ತದೆ, ಫೋಟೋ ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಪರೀಕ್ಷೆ ಹೀಗೆ: ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್, ಸ್ಪೇಸ್, ಹೈಫನ್ ಎಫ್, ಸ್ಪೇಸ್, ಹೈಫನ್ ಎಲ್, ಸ್ಪೇಸ್, 1464, ಸ್ಪೇಸ್, 8.8.8.8. ಎಫ್, ಎಲ್ ಎರಡೂ ಸಣ್ಣಕ್ಷರ. ಪ್ಯಾಕೆಟನ್ನು ತುಂಡರಿಸಬೇಕು ಎಂಬ ದೂರು ಬಂದರೆ, ಅಥವಾ ಸುಮ್ಮನೆ ಟೈಮ್ಡ್ ಔಟ್ ಆದರೆ 1454, 1444 ಎಂದು ಹತ್ತತ್ತು ಇಳಿಸುತ್ತ ಹೋಗಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ: ಅದು ನಿಮ್ಮ ಎಂಟಿಯು. 1464 ದಾಟಿದರೆ 1492 ಎಂದಾಯಿತು. ಅದನ್ನು ರೌಟರ್‌ನ ವ್ಯಾನ್ (ಇಂಟರ್ನೆಟ್ ಬರುವ ಕಡೆಯ) ಪುಟದಲ್ಲಿ ಬರೆದು ಉಳಿಸಿ.

ರೌಟರ್‌ನ ಗಡಿಯಾರವನ್ನೂ ಒಮ್ಮೆ ನೋಡಿ. ಅಪ್‌ಡೇಟ್ ನಂತರ ಅದು 1970ರ ಜನವರಿಯಲ್ಲೋ ಬೇರೆ ಟೈಮ್ ಝೋನ್‌ನಲ್ಲೋ ನಿಂತಿದ್ದರೆ, ಮಕ್ಕಳಿಗಾಗಿ ಇಟ್ಟ ರಾತ್ರಿಯ ಇಂಟರ್ನೆಟ್ ನಿರ್ಬಂಧ ಹಗಲಲ್ಲಿ ಜಾರಿಯಾಗುತ್ತದೆ. ಝೋನ್ +5:30 ಇರಲಿ.

ಇವೆಲ್ಲ ಮಾಡಿಯೂ ಹಟ ಹಿಡಿದರೆ ಆಗ ರೀಸೆಟ್. ‘ಎಲ್ಲಾ ಹೋಗ್ತದೇನು’ ಎಂದು ಕೇಳಿದ್ದೀರಿ. ಹೌದು, ಹೋಗುತ್ತದೆ, ಅದಕ್ಕೇ ಮೊದಲು ಬರೆದುಕೊಳ್ಳಬೇಕು. ವ್ಯಾನ್ ಪುಟ ತೆರೆದು ಕನೆಕ್ಷನ್ ಬಗೆ ಏನಿದೆ ನೋಡಿ. ‘ಡೈನಮಿಕ್ ಐಪಿ’ ಇದ್ದರೆ ಲಾಗಿನ್ ಮಾಡುತ್ತಿರುವುದು ಒಎನ್‌ಟಿ, ನಿಮ್ಮ ರೌಟರ್ ರೀಸೆಟ್ ಆದರೂ ವೈಫೈ ಹೆಸರು, ಪಾಸ್‌ವರ್ಡ್ ತುಂಬಿದರೆ ಸಾಕು. ‘ಪಿಪಿಪಿಒಇ’ ಇದ್ದರೆ ಲಾಗಿನ್ ಮಾಡುತ್ತಿರುವುದು ನಿಮ್ಮ ರೌಟರ್, ಒಎನ್‌ಟಿ ಬರೀ ಸೇತುವೆ. ಆಗ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿ ತನ್ನ ಲೈನ್‌ಗೆ ಕೊಟ್ಟ ಗುರುತು) ಮೂರೂ ಕೈಯಲ್ಲಿರದೆ ರೀಸೆಟ್ ಗುಂಡಿಯ ಹತ್ತಿರವೂ ಹೋಗಬೇಡಿ. ಪಾಸ್‌ವರ್ಡ್ ಪುಟದಲ್ಲಿ ಚುಕ್ಕಿಗಳಾಗಿ ಕಾಣುತ್ತದೆ, ಆದ್ದರಿಂದ ಕಂಪನಿಗೆ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ. ತಾಲೂಕು ಊರುಗಳಲ್ಲಿ ಕೇಬಲ್ ಆಪರೇಟರ್ ಮೂಲಕ ಕನೆಕ್ಷನ್ ಇದ್ದರೆ ಅವರನ್ನೇ ಕೇಳಬೇಕು. ಮ್ಯಾಕ್ (ಉಪಕರಣದ ಹುಟ್ಟು ಗುರುತು) ಕ್ಲೋನ್ ಎಂಬ ಜಾಗದಲ್ಲಿ ಚೀಟಿಯಲ್ಲಿಲ್ಲದ ಬೇರೆ ವಿಳಾಸ ತುಂಬಿದ್ದರೆ ಅದನ್ನೂ ಬರೆದುಕೊಳ್ಳಿ. ಕೆಲವು ಕಂಪನಿಗಳು ಕನೆಕ್ಷನ್ನನ್ನು ಒಂದೇ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತವೆ. ಪುಟಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಒಎನ್‌ಟಿಯ ರೀಸೆಟ್ ಗುಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಒತ್ತಬೇಡಿ. ಅದರೊಳಗೆ ಕಂಪನಿಯವರು ತುಂಬಿದ ನೋಂದಣಿ ಗುರುತು, ವಿಲ್ಯಾನ್, ಲ್ಯಾಂಡ್‌ಲೈನ್ ಸೆಟ್ಟಿಂಗ್ ಇರುತ್ತವೆ. ಅವು ಹೋದರೆ ಸಾಧಾರಣವಾಗಿ ಲೈನ್‌ಮನ್ ಬರುವವರೆಗೆ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಅದರ ಫರ್ಮ್‌ವೇರ್ ಕೂಡ ಕಂಪನಿಯವರೇ ದೂರದಿಂದ ಹಾಕುವಂಥದು, ನಾವು ಹುಡುಕಿ ಹಾಕುವಂಥದಲ್ಲ.

ನಿಮ್ಮ ರೌಟರ್ ಹಚ್ಚಿದ ಸ್ಥಿತಿಯಲ್ಲೇ ಪಿನ್‌ನಿಂದ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ, ದೀಪಗಳೆಲ್ಲ ಒಮ್ಮೆ ಮಿನುಗಿದಾಗ ಬಿಡಿ. ಮೇಲೆದ್ದ ಮೇಲೆ ಎಲ್ಲವನ್ನೂ ಕೈಯಿಂದಲೇ ತುಂಬಿ. ಹಿಂದೆ ಉಳಿಸಿಟ್ಟ ಬ್ಯಾಕಪ್ ಫೈಲನ್ನು ವಾಪಸ್ ಹಾಕಿದರೆ ಹೊಂದದ ಹಳೆ ಸೆಟ್ಟಿಂಗ್‌ಗಳೇ ಮರಳಿ ಬರುತ್ತವೆ, ರೀಸೆಟ್ ಮಾಡಿದ್ದು ವ್ಯರ್ಥ.

ರೀಸೆಟ್ ನಂತರ ಹೊಸದೊಂದು ತೊಂದರೆ ಹುಟ್ಟಬಹುದು. ಒಎನ್‌ಟಿಯ ವಿಳಾಸವೂ 192.168.1.1, ರೌಟರ್‌ನ ಕಾರ್ಖಾನೆ ವಿಳಾಸವೂ 192.168.1.1 ಆಗಿದ್ದರೆ, ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ರೌಟರ್‌ಗೆ ತಿಳಿಯದೆ ಇಂಟರ್ನೆಟ್ ನಿಲ್ಲುತ್ತದೆ. ಕೆಲವು ರೌಟರ್ ತಾನೇ ವಿಳಾಸ ಬದಲಿಸಿಕೊಳ್ಳುತ್ತದೆ, ಕೆಲವು ಇಲ್ಲ. ಒಎನ್‌ಟಿಯ ಕೇಬಲ್ ತೆಗೆದು, ರೌಟರ್‌ನ ಲ್ಯಾನ್ ವಿಳಾಸವನ್ನು 192.168.10.1 ಮಾಡಿ, ಮತ್ತೆ ಹಾಕಿ. ಪಿಪಿಪಿಒಇ ಇದ್ದು ಯೂಸರ್‌ನೇಮ್ ಸರಿಯಿದ್ದರೂ ಲಾಗಿನ್ ಆಗದಿದ್ದರೆ ಹತ್ತು ನಿಮಿಷ ರೌಟರ್ ಆರಿಸಿ ಬಿಡಿ. ಕಂಪನಿಯ ಸರ್ವರ್‌ನಲ್ಲಿ ಹಳೆ ಲಾಗಿನ್ ಇನ್ನೂ ಜೀವಂತವಿರಬಹುದು.

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಸುಳಿವು. 200 ಎಂಬಿಪಿಎಸ್ ಪ್ಲಾನ್‌ನಲ್ಲಿ ಸ್ಪೀಡ್ ಟೆಸ್ಟ್ ಪ್ರತಿ ಸಲ 93, 94ಕ್ಕೇ ನಿಂತರೆ ಅದು ಫರ್ಮ್‌ವೇರ್ ದೋಷವಲ್ಲ. ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಪೆಟ್ಟಿಗೆ ಎತ್ತಿ ಇಳಿಸುವಾಗ ಒಂದು ತಂತಿ ಬಿಟ್ಟಿರಬಹುದು. ಒಎನ್‌ಟಿಗೂ ರೌಟರ್‌ಗೂ ನಡುವಿನ ತುಂಡು ಕೇಬಲ್ ಬದಲಿಸಿ, ಕ್ಯಾಟ್ 5ಇ ಅಥವಾ ಕ್ಯಾಟ್ 6 ತನ್ನಿ.

ಅಪ್‌ಡೇಟ್ ನಂತರ ರೌಟರ್ ತಾನೇ ಆರಿ ಹತ್ತುತ್ತಿದ್ದರೆ ಫರ್ಮ್‌ವೇರ್ ಬಯ್ಯುವ ಮೊದಲು ಅಡಾಪ್ಟರ್ ನೋಡಿ. ಹೆಚ್ಚಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್ ಎಂದು ಅದರ ಮೇಲಿರುತ್ತದೆ. ಹಳತಾದ ಅಡಾಪ್ಟರ್ ಮಲ್ಟಿಮೀಟರ್‌ನಲ್ಲಿ ಬರಿದೇ ಹಿಡಿದಾಗ 12 ತೋರಿಸುತ್ತದೆ, ಎರಡು ರೇಡಿಯೋ ಒಟ್ಟಿಗೆ ಶುರುವಾದಾಗ ಕುಸಿಯುತ್ತದೆ. ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನದು ಹಾಕಿ. ವೋಲ್ಟ್ ಮಾತ್ರ ಬದಲಾಗಬಾರದು. ಬೇಸಿಗೆಯೂ ಒಂದು ಕಾರಣ. ಮನೆಬಳಕೆಯ ಬಹುತೇಕ ರೌಟರ್‌ಗಳಿಗೆ ಕಂಪನಿ ಹೇಳುವ ಮಿತಿ 40 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನ ಉಷ್ಣತೆಯೇ ಅದನ್ನು ದಾಟುತ್ತದೆ, ತಗಡಿನ ಕೆಳಗಿನ ಅಟ್ಟದ ಮಾತು ಬೇರೆ. ರೌಟರನ್ನು ಎದೆಮಟ್ಟದಲ್ಲಿ, ಗಾಳಿ ಆಡುವಲ್ಲಿ, ಒಎನ್‌ಟಿಯ ಮೇಲೆ ಪೇರಿಸದೆ ಇಡಿ.

ಹಳೆ ಫರ್ಮ್‌ವೇರ್ ಬಗ್ಗೆ ನನ್ನ ನಿಲುವು: ರೀಸೆಟ್ ಮಾಡಿ ಕೈಯಿಂದ ತುಂಬಿದ ಮೇಲೂ ತೊಂದರೆ ಉಳಿದರೆ ಮಾತ್ರ. ಅಪ್‌ಡೇಟ್‌ಗಳು ಬರುವುದು ಹೆಚ್ಚಾಗಿ ಭದ್ರತೆಯ ತೂತು ಮುಚ್ಚಲು. ಟಿಪಿ-ಲಿಂಕ್ ಆರ್ಚರ್ ಎಎಕ್ಸ್21 ಎಂಬ ರೌಟರ್‌ನಲ್ಲಿದ್ದ ಇಂಥ ಒಂದು ತೂತನ್ನು 2023ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದವರು ಬಳಸಿಕೊಂಡರು. ಫರ್ಮ್‌ವೇರ್ ಹೊಸದು ಮಾಡಿದವರು ಅದರಿಂದ ಪಾರಾದರು. ಹಿಂದಕ್ಕೆ ಹೋದರೆ ಅಂಥ ತೂತೂ ತೆರೆಯುತ್ತದೆ. ಕೆಲವು ರೌಟರ್ ಹಳೆ ಫೈಲನ್ನು ಒಪ್ಪುವುದೂ ಇಲ್ಲ. ಹಾಕಲೇಬೇಕಾದರೆ ತಳದ ಚೀಟಿಯಲ್ಲಿ ಮಾದರಿಯ ಹೆಸರಿನ ಜೊತೆ ಬರೆದ ಹಾರ್ಡ್‌ವೇರ್ ಆವೃತ್ತಿ ನೋಡಿ: ವಿ2ರ ಫೈಲ್ ವಿ3ಕ್ಕೆ ಆಗುವುದಿಲ್ಲ, ಒಳಗಿನ ಚಿಪ್ಪೇ ಬೇರೆ ಇರಬಹುದು. ತಯಾರಕರ ಭಾರತದ ಪುಟದಿಂದಲೇ ಇಳಿಸಿ, ಜಿಪ್ ಬಿಡಿಸಿ ಒಳಗಿನ ಬಿನ್ ಫೈಲ್ ಕೊಡಿ. ಲ್ಯಾನ್ ಕೇಬಲ್‌ನಿಂದ ಮಾಡಿ, ವೈಫೈನಿಂದ ಬೇಡ. ಮಧ್ಯದಲ್ಲಿ ಕರೆಂಟ್ ಹೋದರೆ ಪೆಟ್ಟಿಗೆ ಏಳದೇ ಹೋಗಬಹುದು, ಆದ್ದರಿಂದ ಇನ್ವರ್ಟರ್ ಅಥವಾ 12 ವೋಲ್ಟ್‌ನ ರೌಟರ್ ಯುಪಿಎಸ್ ಮೇಲೆ ಇಡಿ. ಐದು ನಿಮಿಷ ಅದನ್ನು ಮುಟ್ಟಬೇಡಿ.

ಹಾಗೆ ಏಳದೇ ಹೋದರೂ ಒಡನೆ ಗುಜರಿಗೆ ಹಾಕಬೇಡಿ. ಲ್ಯಾಪ್‌ಟಾಪ್‌ಗೆ 192.168.1.10 ಎಂಬ ಕಾಯಂ ವಿಳಾಸ ಕೊಟ್ಟು ಕೇಬಲ್ ಹಾಕಿ, ರೀಸೆಟ್ ಗುಂಡಿ ಒತ್ತಿ ಹಿಡಿದೇ ರೌಟರ್ ಹಚ್ಚಿ, ಹತ್ತು ಸೆಕೆಂಡ್ ಬಿಟ್ಟು ಬ್ರೌಸರ್‌ನಲ್ಲಿ 192.168.1.1 ತೆರೆಯಿರಿ. ಹಲವು ಮಾದರಿಗಳಲ್ಲಿ ಫೈಲ್ ಕೇಳುವ ಸರಳ ಪುಟವೊಂದು ಬರುತ್ತದೆ. ಅದು ಬರದಿದ್ದರೆ 192.168.0.10 ಕೊಟ್ಟು 192.168.0.1 ನೋಡಿ. ಟಿಪಿ-ಲಿಂಕ್‌ನ ಹಲವು ಆರ್ಚರ್ ಮಾದರಿಗಳು ಮಾತ್ರ ಉಲ್ಟಾ: ಲ್ಯಾಪ್‌ಟಾಪ್‌ಗೆ 192.168.0.66 ಕೊಟ್ಟು, ಅದರಲ್ಲಿ ಟಿಎಫ್‌ಟಿಪಿ ಸರ್ವರ್ (ಫೈಲ್ ಕಳಿಸುವ ಸಣ್ಣ ತಂತ್ರಾಂಶ) ಓಡಿಸಿ ಫೈಲ್ ಇಟ್ಟರೆ ರೌಟರೇ ಬಂದು ಎತ್ತಿಕೊಳ್ಳುತ್ತದೆ. ಆ ಫೈಲ್ ಹೆಸರು ಮಾದರಿಗೊಂದು ಬಗೆ, ಅಕ್ಷರ ತಪ್ಪಿದರೂ ಎತ್ತಿಕೊಳ್ಳುವುದಿಲ್ಲ. ವಿಂಡೋಸ್ ಫೈರ್‌ವಾಲ್ ಕೂಡ ಅಷ್ಟು ಹೊತ್ತು ಆಫ್ ಇರಬೇಕು.

ರೀಸೆಟ್ ಮಾಡಿದ್ದರೆ ಕೊನೆಗೆ ನೋಡಬೇಕಾದ ಪುಟ ಇದು: ಅಡ್ಮಿನ್ ಪಾಸ್‌ವರ್ಡ್ ಕಾರ್ಖಾನೆಯದಕ್ಕೆ ಮರಳಿರುತ್ತದೆ, ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಇಲ್ಲವೇ ಪಿನ್ ಸಂಖ್ಯೆಯಿಂದ ವೈಫೈ ಸೇರಿಸುವ ಸೌಲಭ್ಯ) ಹೆಚ್ಚಾಗಿ ತಾನೇ ಆನ್ ಆಗಿರುತ್ತದೆ, ಕೆಲವು ಮಾದರಿಗಳಲ್ಲಿ ಹೊರಗಿನಿಂದ ಲಾಗಿನ್ ಆಗುವ ರಿಮೋಟ್ ಮ್ಯಾನೇಜ್‌ಮೆಂಟ್ ಕೂಡ. ಅಡ್ಮಿನ್ ಪಾಸ್‌ವರ್ಡನ್ನು ವೈಫೈ ಪಾಸ್‌ವರ್ಡ್‌ಗಿಂತ ಬೇರೆಯಾಗಿ ಇಟ್ಟು, ಉಳಿದೆರಡನ್ನೂ ಆಫ್ ಮಾಡಿ.